ಅಪ್ಪ ಹಾಕಿದ ಬೋರ್ಡು

ಆಸ್ಪತ್ರೆಯ ವರಾಂಡ
ಗುರುವಾರ, ೧೪ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಎಂಜಿನ್ ಕೋಣೆಯ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಬೊಕ್ಕೆ ಕಡಿಮೆಯಾಯಿತಾ? ಇಡೀ ಹಡಗಿನ ದೀಪ ನೋಡಿಕೊಳ್ಳುವವನು ನಿನ್ನನ್ನೂ ಸ್ವಲ್ಪ ನೋಡಿಕೋ. ಈ ಕಾಗದ ಮುಂದಿನ ಬಂದರಿನಲ್ಲಿ ನಿನ್ನ ಕೈಸೇರುತ್ತದೆಂದು ಕಂಪನಿಯವರು ಹೇಳಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ಅಜ್ಜಿ ಬದುಕಿದ್ದಾಳೆ.

ಮಂಗಳವಾರ ಬೆಳಿಗ್ಗೆ ಅವಳ ಆಮ್ಲಜನಕದ ಯಂತ್ರ ಇದ್ದಕ್ಕಿದ್ದಂತೆ ನಿಂತುಹೋಯಿತು. ನೀನು ಹೊರಡುವ ಮುಂಚೆ ಮಂಚದ ಪಕ್ಕ ಹಾಕಿಕೊಟ್ಟಿದ್ದ ಬೋರ್ಡಿನ ವೈರು ಸುಟ್ಟು, ಫ್ಯೂಸೂ ಹಾರಿತ್ತು. ಅಮ್ಮ ಸ್ನಾನಕ್ಕೆ ಹೋಗಿದ್ದಳು. ಅಜ್ಜಿಯ ತುಟಿ ನೇರಳೆ ಬಣ್ಣಕ್ಕೆ ತಿರುಗುತ್ತಿದ್ದರೆ ನಾನು ನೋಡುತ್ತ ನಿಂತೆ, ಕಾಲೇ ಏಳಲಿಲ್ಲ. ಆಮೇಲೆ ಕೂಗಿದೆ. ಅಮ್ಮ ಒದ್ದೆ ಕೂದಲಲ್ಲೇ ಓಡಿಬಂದಳು. ಪಕ್ಕದ ಮನೆಯ ಟೈಲರ್ ಮಾಮ ಅಜ್ಜಿಯನ್ನು ಮಗುವಿನ ಹಾಗೆ ಎತ್ತಿಕೊಂಡು ವ್ಯಾನಿನಲ್ಲಿ ಇಲ್ಲಿಗೆ ತಂದರು. "ಇನ್ನೆರಡು ದಿನ ಏನೂ ಹೇಳೋಕಾಗಲ್ಲ" ಎನ್ನುತ್ತಾರೆ ಡಾಕ್ಟರು. ಅಮ್ಮ ಸಿಕ್ಕಸಿಕ್ಕವರ ಹತ್ತಿರ, "ಹಡಗಿಗೆಲ್ಲ ವೈರಿಂಗ್ ಮಾಡ್ತಾರೆ, ಹೆತ್ತ ತಾಯಿಗೆ ಒಂದು ಬೋರ್ಡ್ ನೆಟ್ಟಗೆ ಹಾಕೋಕಾಗಲಿಲ್ಲ" ಎಂದು ಹೇಳಿಕೊಂಡು ಅಳುತ್ತಾಳೆ. ನಾನು ತಲೆತಗ್ಗಿಸಿ ಕೇಳಿಸಿಕೊಳ್ಳುತ್ತೇನೆ.

ಅವತ್ತೇ ಭೌತಶಾಸ್ತ್ರದ ಪರೀಕ್ಷೆಯಿತ್ತು, ಬರೆಯಲಿಲ್ಲ. ಆರು ಓಮ್, ಮೂರು ಓಮ್ ತಡೆಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ಎಷ್ಟು ಅಂದರೆ ನಾನು ಪ್ರತಿ ಸಲವೂ ಒಂಬತ್ತು ಎನ್ನುತ್ತಿದ್ದೆನಲ್ಲ. ಎರಡು ಎಂದು ಮೇಷ್ಟ್ರು ಹತ್ತು ಸಲ ಬರೆಸಿದರೂ ತಲೆಗೆ ಹತ್ತಿರಲಿಲ್ಲ. ಇನ್ನೊಂದು ತಡೆ ಸೇರಿಸಿದರೆ ಒಟ್ಟು ತಡೆ ಹೇಗಪ್ಪಾ ಕಡಿಮೆಯಾಗುತ್ತದೆ? ನಿನ್ನೆ ಇಲ್ಲಿ ಔಷಧಿ ಕೊಡುವ ಕಿಟಕಿಯ ಮುಂದೆ ಅದು ಅರ್ಥವಾಯಿತು. ಒಂದೇ ಕಿಟಕಿ ಇದ್ದಾಗ ಸಾಲು ತೆವಳುತ್ತಿತ್ತು. ಎರಡನೆಯದನ್ನು ತೆರೆದರು. ಅಲ್ಲಿಯೂ ನಿಧಾನವೇ, ಆದರೂ ಒಟ್ಟಿನಲ್ಲಿ ಜನ ಬೇಗಬೇಗ ಹೊರಬೀಳತೊಡಗಿದರು. ಹೊರಹೋಗುವ ಬಾಗಿಲು ಮಾತ್ರ ಒಂದೇ, ಅಲ್ಲಿ ನೂಕುನುಗ್ಗಲು. ದಾರಿ ಹೆಚ್ಚಿದಷ್ಟೂ ಕರೆಂಟು ಹೆಚ್ಚು, ಅಷ್ಟೂ ಗೋಡೆಯಿಂದ ಬರುವ ಒಂದೇ ವೈರಿನಲ್ಲಿ ಹರಿಯಬೇಕು. ಚೀಟಿ ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟೆ. ಯಾರೋ ಸತ್ತಿದ್ದಾರೆಂದುಕೊಂಡು ಮುಂದಿದ್ದ ಹೆಂಗಸು ತನ್ನ ಜಾಗ ಬಿಟ್ಟುಕೊಟ್ಟಳು.

ಅಮ್ಮನ ಮೇಲೆ ಸಿಟ್ಟಾಗಬೇಡ, ಮೂರು ದಿನದಿಂದ ಕಣ್ಣು ಮುಚ್ಚಿಲ್ಲ ಅವಳು. ನೀನು ಹೊತ್ತುಹೊತ್ತಿಗೆ ಊಟ ಮಾಡು.

ಇಂತಿ, ಸದಾ ಪ್ರಶ್ನೆ ಕೇಳುತ್ತೇನೆಂದು ನೀನೇ ಹೆಸರಿಟ್ಟ
ಪ್ರಶ್ನೆಪತ್ರಿಕೆ

ವಿ.ಸೂ.: ಬೋರ್ಡಿನ ತಪ್ಪಲ್ಲ ಅಪ್ಪಾ. ಓದುವಾಗ ಚಳಿಗೆ ಬೆರಳು ಮರಗಟ್ಟುತ್ತದೆಂದು ಅದಕ್ಕೆ ಹೀಟರ್ ಸಿಕ್ಕಿಸಿದವಳು ನಾನು. "ಬೇಡ ಪುಟ್ಟಾ, ಅದು ನನ್ನ ಮಿಷನ್ ಒಂದಕ್ಕೇ ಅಂತ ನಿಮ್ಮಪ್ಪ ಹೇಳಿಹೋಗಿದ್ದಾನೆ" ಎಂದು ಅಜ್ಜಿ ಎರಡು ಸಲ ಹೇಳಿದಳು. ಸಮಾಂತರದಲ್ಲಿ ಒಂದರಿಂದ ಇನ್ನೊಂದಕ್ಕೆ ಏನೂ ಆಗಲ್ಲ, ಪುಸ್ತಕದಲ್ಲೇ ಇದೆ ಎಂದು ಅವಳ ಬಾಯಿ ಮುಚ್ಚಿಸಿದೆ. ಕಾಲೇ ಏಳಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಮೊದಲು ಹೀಟರನ್ನು ಕಿತ್ತು ಮಂಚದ ಕೆಳಗೆ ತಳ್ಳಿದೆ, ಆಮೇಲೆ ಅಮ್ಮನನ್ನು ಕೂಗಿದೆ. ಇವತ್ತು ಅಜ್ಜಿಗೆ ಎಚ್ಚರವಾದಾಗ ಅಮ್ಮ ಏನಾಯಿತೆಂದು ಕೇಳಿದಳು. ಅಜ್ಜಿ ಗೊತ್ತಿಲ್ಲವೆಂದು ತಲೆಯಾಡಿಸಿ ನನ್ನ ಕೈ ಹಿಡಿದುಕೊಂಡಳು. ಅಮ್ಮ ಡಾಕ್ಟರ ಕೋಣೆಯಿಂದ ಹೊರಬರುತ್ತಿದ್ದಾಳೆ. ಈಗಲೇ ಹೇಳುತ್ತೇನೆ.