ಬಾಗಿಲೊಳಗಿನ ಚಿಂದಿ

ಜೂನ್ ೨೧, ಶುಕ್ರವಾರ. ಬೆಳಗಿನ ಒಂಬತ್ತು

ಚತುರ್ದಶಿ. ಉಪವಾಸ. ನೀರು ಸೋಸಿ, ಕಾಯಿಸಿ ಇಟ್ಟೆ. ಅಂಗಳ ಗುಡಿಸಿದೆ, ಇರುವೆ ಸಾಲಿಗೆ ದಾರಿ ಬಿಟ್ಟು. ಬಸದಿಗೆ ಹೋಗಿ ಬಂದೆ. ಇವರಿಗೆ ರೊಟ್ಟಿ, ಕಾಳಿನ ಪಲ್ಯ ಮುಚ್ಚಿಟ್ಟೆ. ಗೋಡೆಯಾಚೆಯ ಶೆಡ್ಡಿನಲ್ಲಿ ನಮ್ಮ ಟಾವೆಲಿನ ನಾಲ್ಕು ಮಗ್ಗ, ಅದರಾಚೆ ಮಂದಿಯ ನಾಲ್ಕು ನೂರು. ಇಚಲಕರಂಜಿ ಅಂದರೆ ಇದೇ ಸಪ್ಪಳ.

ಶ್ರೇಣಿಕ ಬಂದ. ನಾದಿನಿ ನಾಗೂಬಾಯಿಯ ಮಗ. ಗಡಹಿಂಗ್ಲಜದಿಂದ ಟೆಂಪೋ ತಂದು ಬಟ್ಟೆ ಒಯ್ಯುತ್ತಾನೆ.

"ಮಾಮೀ, ಆಯಿ ಚೀಟಿ ಕೊಟ್ಟಾಳ್ರಿ. ಫೋನಿನ್ಯಾಗ ಹೇಳಂದ್ರ ಒಲ್ಲೆ ಅಂದ್ಳು. ಉತ್ತರಾನೂ ಬರದ ಕಳಸಬೇಕಂತ. ಮಾಮಾನ ಸಹಿ ಬೇಕಂತ."

ಚೀಟಿಯಲ್ಲಿ ಇಷ್ಟೇ — "ವೈನಿ, ದಾದಾ ಇನ್ನ ನಮ್ಮಲ್ಲೇ ಇರಲಿ. ಆ ಗದ್ದಲದಾಗ ಅವನ ಕಿವಿ ಹೋದೂವು. ಇಲ್ಲೆ ಶಾಂತ ಐತಿ, ಬಸದಿ ಬಾಜೂಕ ಐತಿ. ಚಾತುರ್ಮಾಸ ಹಿಡಿಯೂದರೊಳಗ ಕಳಸ್ರಿ."

ಅಣ್ಣನನ್ನು ಕಳಿಸಬೇಕಂತೆ. ಇವರೇನು ಟಾವೆಲಿನ ಗಂಟೇ?

ಇವರ ಮುಂದೆ ಹಿಡಿದೆ. ಓದಿದರು. ಮಡಚಿದರು. "ನೋಡೂನು" ಅಂದು ಶೆಡ್ಡಿಗೆ ಹೋದರು.

ಹೋಗುವ ಮನಸ್ಸಿದೆಯೋ ಇಲ್ಲವೋ — ಇವರ ಬಾಯಿಂದಲೇ ಕೇಳಬೇಕು. ಎದುರು ನಿಂತು ಕೇಳಿದರೆ ಎದ್ದು ಹೋಗುವ ಗಂಡಸು. ಮೊದಲಿನಿಂದಲೂ ಹಾಗೆ. ಮನಸ್ಸು ಬಿಚ್ಚುತ್ತಿದ್ದುದು ದಾರಿಯ ಮೇಲೆ ಮಾತ್ರ. ಸೈಕಲ್ಲಿನ ಕ್ಯಾರಿಯರ್ ಮೇಲೆ ನಾನು, ಇವರ ಕಣ್ಣು ಮುಂದಿನ ರಸ್ತೆಗೆ. ಆಗ ಎಲ್ಲ ಹೇಳುತ್ತಿದ್ದರು. ಈಗ ಕಾರು ಇದೆ. ಅಲ್ಲಿಂದ ಎದ್ದು ಹೋಗುವಂತಿಲ್ಲ.

ಜೂನ್ ೨೩, ಭಾನುವಾರ. ಸಂಜೆ

ಗಡಹಿಂಗ್ಲಜದ ಸಂತೆಗೆ ಟಾವೆಲ್ ಹಾಕಿ ಬಂದೆವು. ಇವರಿಗೆ ಹಾರ್ನ್ ಕೇಳದಾದಾಗಿನಿಂದ ಸ್ಟೀರಿಂಗ್ ನನ್ನ ಕೈಯಲ್ಲಿ. ಮೂರು ವರ್ಷವಾಯಿತು. ಇನ್ನೂ ಒಂದು ಗೀರು ಬಿದ್ದಿಲ್ಲ — ದೇವರ ದಯೆ, ಸ್ವಲ್ಪ ನನ್ನ ಜಾಣತನ.

ಆದರೆ ಹದಿನಾಲ್ಕು ವರ್ಷದ ಹಳೆ ಗಾಡಿ. ಹೈವೇಗೆ ಹತ್ತಿದರೆ ಟೈರಿನ ಸದ್ದು, ಗಾಳಿಯ ಸದ್ದು, ಬಾಗಿಲಿನ ನಡುಕ. ನಡುದಾರಿಯ ಕಾಗಲದಲ್ಲಿ ಟ್ರಕ್ಕುಗಳು ಒಳಗೇ ಬಂದು ಕೂತಂತೆ. ಇವರ ಕಿವಿಯ ಮಷೀನು ಎಲ್ಲವನ್ನೂ ದೊಡ್ಡದು ಮಾಡುತ್ತದೆ, ನನ್ನ ಮಾತೊಂದನ್ನು ಬಿಟ್ಟು. ತೆಗೆದು ಕಿಸೆಗೆ ಹಾಕಿದರು. ನಾನು ಒದರಿದೆ. "ಆಂ?" ಅಂದರು. ಮತ್ತೆ ಒದರಿದೆ. ಕೆಮ್ಮು ಬಂತು.

ನಾದಿನಿ ನಾಗಕ್ಕ ಬಾಗಿಲಲ್ಲೇ ನಿಂತು ನಕ್ಕರು. "ವೈನಿ, ಓಣಿ ಹೊರಳೂದರಾಗ ಗೊತ್ತಾತ್ರಿ ನೀವ ಬಂದ್ರಿ ಅಂತ. ಗಾಡಿ ಅಲ್ರಿ ಇದು, ಮಗ್ಗಕ್ಕ ಗಾಲಿ ಹಚ್ಚೀರಿ!"

ನಗಲಿ. ಈ ಗಾಡಿಯನ್ನು ಸುಮ್ಮನಿರಿಸಿಯೇ ತೀರುತ್ತೇನೆ.

ಜೂನ್ ೨೬, ಬುಧವಾರ

ಪದ್ಮಕುಮಾರನ ಸೀಟ್ ಕವರ್ ಅಂಗಡಿಗೆ ಹೋದೆ. ಇಡೀ ಗಾಡಿಗೆ ಸದ್ದು ತಡೆಯುವ ಶೀಟ್ ಅಂಟಿಸುವ ರೇಟು ಹೇಳಿದ. ಆ ದುಡ್ಡಿಗೆ ಇನ್ನೊಂದು ಮಗ್ಗ ಬರುತ್ತದೆ ಅಂದೆ.

"ಹಂಗಾರ ಕಾಕೂ, ಮೊದಲ ಸೋವಿ ಕೆಲಸ ಮಾಡ್ರಿ" ಅಂದ. ಕಾಗದದ ತುಂಡು ಇಟ್ಟು ಬಾಗಿಲು ಹಾಕಿದ. ಎಳೆದ. ಸರಕ್ಕನೆ ಬಂತು. "ರಬ್ಬರ ಸತ್ತೈತಿ. ಇಲ್ಲಿಂದ ಗಾಳಿ ಕೂಗ್ತೈತಿ. ಮೀಟರ್ ಲೆಕ್ಕದಾಗ ಒಯ್ದ ಹಚ್ಚ್ರಿ." ಟೈರಿಗೆ ಒದ್ದ. "ಗಾಳಿ ಇಷ್ಟ ಯಾಕ ತುಂಬೀರಿ? ಅದಕ್ಕ ಟೈರ ಒದರತೈತಿ."

"ಗಂಟು ಹೇರ್ತೀವಲ್ಲಪಾ."

"ಕಂಪನಿ ಬಾಗಲದ ಮ್ಯಾಲ ಬರದಾರ ನೋಡ್ರಿ, ಖಾಲಿಗಿ ಎಷ್ಟು, ಗಂಟಿಗಿ ಎಷ್ಟು. ಅಷ್ಟ ತುಂಬ್ರಿ."

ಮೂರು ವರ್ಷ ಆ ಬಾಗಿಲು ತೆರೆದಿದ್ದೇನೆ. ಓದಿರಲಿಲ್ಲ.

ಜುಲೈ ೨, ಮಂಗಳವಾರ

ರಬ್ಬರು ನಾನೇ ಹಚ್ಚಿದೆ. ಈಗ ಕಾಗದ ಎಳೆದರೆ ಹರಿಯುತ್ತದೆ, ಬರುವುದಿಲ್ಲ. ಕಾಲಡಿ ಹಳೆಯ ಕೌದಿ ಹಾಸಿದೆ, ಮೇಲೆ ಮ್ಯಾಟ್.

ಆಮೇಲೆ ಬುದ್ಧಿ ಓಡಿತು. ಬಾಗಿಲು ಬಡಿದರೆ ಡಬ್ಬಿಯಂತೆ ಟಣ್ ಅನ್ನುತ್ತದೆ — ಒಳಗೆ ಪೊಳ್ಳು. ನಮ್ಮ ಶೆಡ್ಡಿನಲ್ಲಿ ಚಿಂದಿಗೇನು ಬರ? ಪಾನಾ ತಂದು ಒಳಗಿನ ಹಲಗೆ ಬಿಚ್ಚಿದೆ. ನಾಲ್ಕೂ ಬಾಗಿಲಿಗೆ ನೂಲಿನ ಚಿಂದಿ ಒತ್ತಿ ಒತ್ತಿ ತುಂಬಿದೆ. ಈಗ ಬಡಿದರೆ ಧಪ್. ಯಾರನ್ನೂ ಕೇಳಲಿಲ್ಲ. ಬೇಕಾಗಲೂ ಇಲ್ಲ.

ಜುಲೈ ೭, ಭಾನುವಾರ

ಸದ್ದು ಅರ್ಧಕ್ಕರ್ಧ ಇಳಿಯಿತು! ಇವರು ಕಾಗಲದವರೆಗೆ ಮಷೀನು ತೆಗೆಯಲಿಲ್ಲ. ಕೇಳಬೇಕು ಅಂತ ಬಾಯಿ ತೆರೆದೆ — ಮಳೆ ಸುರಿಯಿತು. ಮಷೀನು ಕಿಸೆಗೆ ಹೋಯಿತು. ಹೋಗುವಾಗ ಮಳೆ, ಬರುವಾಗ ಮಳೆ.

ಇರಲಿ. ಮುಂದಿನ ವಾರ ಇದೆ.

ಜುಲೈ ೧೧, ಗುರುವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

ಗಾಡಿಯಲ್ಲಿ ನಾತ. ಬಾಗಿಲು ಕಲ್ಲಿನಂತೆ ಭಾರ. ಬಿಚ್ಚಿದೆ. ಚಿಂದಿಯೆಲ್ಲ ನೀರು ಕುಡಿದು ಊದಿದೆ. ಕಪ್ಪು ಬೂಷ್ಟು. ಕಣ್ಣಿಗೆ ಕಂಡೂ ಕಾಣದ ಹುಳುಗಳು, ಎಣಿಸಲಾರದಷ್ಟು. ಕುಡಿಯುವ ನೀರನ್ನು ಸೋಸುವವಳು ನಾನು — ನಾಲ್ಕು ಬಾಗಿಲಲ್ಲಿ ಜೀವರಾಶಿ ಬೆಳೆಸಿಟ್ಟಿದ್ದೇನೆ.

ಪದ್ಮಕುಮಾರ ಬಂದು ನೋಡಿ ಹಣೆ ಬಡಿದುಕೊಂಡ. "ಕಾಕೂ, ಖಿಡಕಿ ಕಾಜಿನ ಸಂದ್ಯಾಗಿಂದ ಬಾಗಲಾಗ ನೀರು ಇಳಿಯೂದ! ಹೊರಗ ಹೋಗಾಕಂತನ ಬುಡಕ ತೂತ ಇಟ್ಟಿರ್ತಾರ. ನೀವ ಅದನ್ನ ಮುಚ್ಚೀರಿ. ನಮ್ಮ ಊರ ಮಂದಿಗಿ ಚಿಂದಿ ಕಂಡ್ರ ಎಲ್ಲೆರೆ ತುರಕೂದ ಚಟಾ."

ಬಿಸಿಲಿಗೆ ಹಾಕುವಂತಿಲ್ಲ, ಸಾಯುತ್ತವೆ. ಹಿತ್ತಲ ನೆರಳಲ್ಲಿ ಹಗುರವಾಗಿ ಇಟ್ಟೆ. ತಾವೇ ಹೋಗಲಿ ಅಂತ ಬಾಜೂಕ ಕೂತೆ. ಇವರು ಬಂದು ನಿಂತರು. ಬಗ್ಗಿ ನೋಡಿ ಗಟ್ಟಿಯಾಗಿ ಕೇಳಿದರು — "ಏನಂತಾವ? ಬಾಡಿಗಿ ಮನಿ ಸಿಗೂತನಾ ಇರ್ತಾವಂತೇನ?"

ಆರು ತಿಂಗಳ ನಂತರ ಇವರ ಬಾಯಿಂದ ನಗೆಮಾತು. ಅಳುವುದೋ ನಗುವುದೋ ತಿಳಿಯಲಿಲ್ಲ.

ಪ್ರಾಯಶ್ಚಿತ್ತಕ್ಕೆ ಒಂದು ತಿಂಗಳು ತುಪ್ಪ, ಬೆಲ್ಲ ತ್ಯಾಗ. ದೇವರ ಮುಂದೆ ಹೇಳಿದೆ. ಮುಗಿಯಿತು. ಕೆಲಸ ಬಿಡುವುದಿಲ್ಲ.

ಜುಲೈ ೧೩, ಶನಿವಾರ

ಪದ್ಮಕುಮಾರ ಬೇರೆ ಗಾಡಿಗಳಿಗೆ ಅಂಟಿಸಿ ಉಳಿದ ಶೀಟಿನ ತುಂಡು ಕೊಟ್ಟ. ಡಾಂಬರಿನಂಥದು, ಹಿಂದೆ ಅಂಟು. "ಬಾಗಲ ತುಂಬ ಬ್ಯಾಡ. ಹೊರಗಿನ ತಗಡಿನ ನಟ್ಟ ನಡುವ ಎರಡ ತುಂಡ ಸಾಕು. ತೂತಿಗಿ ಕೈ ಹಚ್ಚಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೇನಿ."

ತಗಡು ಒರೆಸಿ, ಒಣಗಿಸಿ, ಚಪಾತಿ ಲಟ್ಟಿಸಿದಂತೆ ಒತ್ತಿ ಅಂಟಿಸಿದೆ. ಬಡಿದೆ. ಧಪ್. ಒಂದು ಚೆಂಬು ನೀರು ಕಿಟಕಿಯ ಗಾಜಿನ ಮೇಲೆ ಸುರಿದೆ. ಬುಡದಿಂದ ಸರಾಗವಾಗಿ ಹರಿದು ಹೋಯಿತು. ಈಗ ಸರಿ.

ಜುಲೈ ೧೪, ಭಾನುವಾರ. ಅಷ್ಟಮಿ, ಒಪ್ಪತ್ತು

ಮಳೆ ಇಲ್ಲ. ಐವತ್ತರ ಮೇಲೆ ಓಡಿಸಲಿಲ್ಲ. ಕಾಗಲ ದಾಟಿದರೂ ಮಷೀನು ಇವರ ಕಿವಿಯಲ್ಲೇ. ಕೇಳಿದೆ. ಒದರಲಿಲ್ಲ, ಒಲೆಯ ಮುಂದೆ ಕೂತು ಮಾತಾಡುವಷ್ಟೇ ದನಿ.

"ನಾಗಕ್ಕನ ಕಡೆ ಹೋಗಿ ಇರ್ತೀರೇನ್ರಿ?"

ರಸ್ತೆ ನೋಡುತ್ತಲೇ ಅಂದರು — "ಆ ಚೀಟಿ ನಾನ ಬರಸಿದ್ದು."

ಸ್ಟೀರಿಂಗ್ ಗಟ್ಟಿ ಹಿಡಿದೆ. "ನಾ ಏನ ಕಡಿಮಿ ಮಾಡೇನ್ರಿ?"

"ನಿಂದೇನ ಕಡಿಮಿ ಇಲ್ಲ. ನನ್ನ ಸಲುವಾಗಿ ಒದರಿ ಒದರಿ ಗಂಟಲಾ ಕೆಡಿಸಿಕೊಂಡಿ. ಬಸದ್ಯಾಗ ಪೂಜಾದ ಹಾಡು ಎತ್ತಿ ಕೊಡಾಕಿ ನೀನ ಇದ್ದಿ. ಈಗ ಹಿಂದ ಗ್ವಾಡಿಗಿ ಕುಂಡ್ರತಿ. ನನಗ ಕೇಳೂದಿಲ್ಲ ಖರೆ, ಕಾಣೂದಿಲ್ಲೇನ? ನಾ ಹೋದ್ರ ನಿನ್ನ ದನಿ ಆದ್ರೂ ಉಳೀತೈತಿ ಅಂದ್ಕೊಂಡ್ನಿ."

ಹಸಿರು ಕಬ್ಬಿನ ಹೊಲಗಳು ಬಂದವು, ಹೋದವು.

"ಈಗ ಒದರಾಕತ್ತೇನೇನ್ರಿ?"

"ಇಲ್ಲ."

"ಕೇಳಾಕತ್ತೈತೇನ?"

"ಎಲ್ಲಾ ಕೇಳಾಕತ್ತೈತಿ. ಅದಕ್ಕ ಅಂಜಿಕಿ ಬರಾಕತ್ತೈತಿ."

ನಕ್ಕೆ. ಆದರೆ ಬಿಡಲಿಲ್ಲ. "ನಕ್ಕ ಮಾತ ಹಾರಸಬ್ಯಾಡ್ರಿ. ಹೋಗ್ತೀರೋ ಇರ್ತೀರೋ, ನಿಮ್ಮ ಬಾಯಲೆ ಹೇಳ್ರಿ."

"ಇರ್ತೇನಿ" ಅಂದರು. ಆಮೇಲೆ, "ನಾಗೂಗ ಎದರಿಗಿ ಹೇಳಬ್ಯಾಡ, ಅಳ್ತಾಳ. ಬರದ ಕಳಸು. ಸಹಿ ಮಾಡ್ತೇನಿ."

ಊರು ಬರುವವರೆಗೆ ಮಾತಾಡಿದೆವು. ಏನೇನೋ. ಬರೆಯುವಂಥದ್ದಲ್ಲ.

ಜುಲೈ ೨೦, ಶನಿವಾರ. ಬೆಳಗಿನ ಹತ್ತೂವರೆ

ಚಾತುರ್ಮಾಸ ಇಂದಿನಿಂದ. ಉಪವಾಸ. ನಾಳೆ ಸೂರ್ಯ ಕಾಣುವವರೆಗೆ ಹೊಸ್ತಿಲು ದಾಟುವುದಿಲ್ಲ ಅಂತ ನಿಯಮ ಹಿಡಿದಿದ್ದೇನೆ.

ಉತ್ತರ ಬರೆದೆ — "ನಾಗಕ್ಕಾ, ನಿಮ್ಮ ದಾದಾ ನಮ್ಮ ಮನ್ಯಾಗ ಇರ್ತಾರ. ಅವರ ಬಾಯಿಲೇ ಕೇಳೇನಿ. ಮುಂದಿನ ಖೋಲಿಯ ಖಿಡಕಿಗೂ ರಬ್ಬರ ಹಚ್ಚಾಕತ್ತೇನಿ, ಮನ್ಯಾಗೂ ಸಾವಕಾಶ ಮಾತಾಡಬೇಕಲ್ಲಾ. ನಾಳೆ ಐತವಾರ ಇಬ್ಬರೂ ಬರ್ತೀವಿ. ಬಾಗಲದಾಗ ನಿಂತ ಕಾಯ್ರಿ, ಗಾಡಿ ಬಂದದ್ದ ಗೊತ್ತಾಗಾಂಗಿಲ್ಲ." ಕೆಳಗೆ ಇವರ ಸಹಿ. ಜಿನದತ್ತ. ದೊಡ್ಡ ಅಕ್ಷರ.

ಶ್ರೇಣಿಕನ ಟೆಂಪೋ ಓಣಿಯ ತುದಿಯಲ್ಲಿದೆ. ಹಗ್ಗ ಬಿಗಿಯುತ್ತಿದ್ದಾನೆ, ಇಲ್ಲಿಂದ ಕಾಣುತ್ತದೆ. ಫೋನ್ ಎತ್ತುತ್ತಿಲ್ಲ. ಇವರು ಶೆಡ್ಡಿನಲ್ಲಿ, ಮಷೀನು ತೆಗೆದು. ಎದುರು ಮನೆಯ ರುಪಾಲಿ ಬಟ್ಟೆ ಒಣಹಾಕುತ್ತಿದ್ದಾಳೆ, ಕರೆದೆ — ಏ ರುಪಾಲಿ, ಆ ಶ್ರೇಣಿಕಗ ಹೇಳ ಬಾಳಾ, ಟೆಂಪೋ ಬಿಡೂದರೊಳಗ ಇಲ್ಲಿ ಬಂದ ನನ್ನ ಉತ್ತರ ಒಯ್ಯಲಿ, ನಾ ಹೊಸ್ತಿಲದಾಗ ಹಿಡಕೊಂಡ ನಿಂತೇನಿ.