ಗಂಟಿನ ತವರು

ಮಾಲಗಾಂವ,
೯ ನವೆಂಬರ್ ೨೦೨೫

ಮೊಮ್ಮಗಳು ಮನಿಷಾಗೆ,

ಏನೇ, ಪುಣೆಯಲ್ಲಿ ಕುಳಿತು ಕ್ಯಾನ್ಸರಿನ ಕುಲಗೋತ್ರ ಹುಡುಕುವವಳಿಗೆ ಮುದುಕಿಗೊಂದು ಕಾಗದ ಬರೆಯಲು ಪುರುಸೊತ್ತಿಲ್ಲವೇ? ಮೊಬೈಲಿನಲ್ಲಿ ಹೆಬ್ಬೆರಳಿನ ಚಿತ್ರ ಕಳಿಸುತ್ತೀ. ಅದನ್ನೇನು ಹಣೆಗೆ ಹಚ್ಚಿಕೊಳ್ಳಲೇ? ನಾನೂ ತಡಮಾಡಿದೆ, ಒಪ್ಪುತ್ತೇನೆ. ದ್ರಾಕ್ಷಿ ತೋಟದ ಕೂಲಿ, ಮಿರಜದ ದವಾಖಾನೆ, ಎರಡರ ನಡುವೆ ಕಾಲು ಸವೆದವು. ಆದರೆ ಈಗಿನ ಸುದ್ದಿಯನ್ನು ಕುಳಿತು ಓದು.

ನಿನ್ನ ಸಣ್ಣಜ್ಜಿ ಸೋನಾಬಾಯಿಯ ಕುತ್ತಿಗೆಯ ಗಂಟು ಎಲ್ಲಿಯದೆಂದು ಗೊತ್ತಾಯಿತು! ಮೂರು ತಿಂಗಳು ಮಿರಜದ ಡಾಕ್ಟರು ನನ್ನ ತಂಗಿಯ ಬಾಯಿ, ಗಂಟಲು ನೋಡಿದ್ದೇ ನೋಡಿದ್ದು. ಮೊದಲ ದಿನ ನಾನೇ ಹೇಳಿದ್ದೆ: "ಡಾಕ್ಟರ್ ಬಾಯಾರ, ಈಕಿ ನಲವತ್ತು ವರ್ಷದಿಂದ ಮಿಶ್ರಿ ತಿಕ್ಕತಾಳ್ರಿ. ಸುಟ್ಟ ತಂಬಾಕು ಹಲ್ಲಿಗೆ ಹಚ್ಚಿದ್ರ ಮತ್ತೇನಾಗತೈತ್ರಿ?" ಎದೆ ನೋಡೋಣವೆಂದಾಗಲೆಲ್ಲ ಅವಳು ಸೆರಗು ಬಿಗಿ ಹಿಡಿದಳು. ಬಾಯಿಯಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಗಂಟಿನ ಚೂರು ನೀನು ಫೋನಿನಲ್ಲಿ ಹೇಳಿದ, ಮೂಲ ಹುಡುಕುವ ಆ ಪರೀಕ್ಷೆಗೆ ಹೋಯಿತು.

ಶುಕ್ರವಾರ ಡಾಕ್ಟರ್ ವೃಷಾಲಿ ವರದಿ ಬಿಚ್ಚಿದರು. "ಅಜ್ಜಿ, ಇದು ಬಾಯಿದಲ್ಲ, ಎದಿದು. ಅಲ್ಲಿಂದ ಕುತ್ತಿಗಿಗೆ ಬಂದೈತಿ."

"ಕುತ್ತಿಗ್ಯಾಗ ಕುಂತದ್ದು ಎದಿದು ಅಂತ ಹೆಂಗ ತಿಳೀತ್ರಿ?"

"ಮೈಯಾಗಿನ ಎಲ್ಲಾ ಕಣದಾಗೂ ಅವೇ ಜೀನ್ ಇರತಾವು. ಆದ್ರ ಎದಿ ಕಣ ಕೆಲವನ್ನ ಕೆಲಸಕ್ಕ ಹಚ್ಚತೈತಿ, ಬಾಯಿ ಕಣ ಬ್ಯಾರೇವನ್ನ. ಕ್ಯಾನ್ಸರ್ ಊರು ಬಿಟ್ರೂ ಆ ರೂಢಿ ಪೂರಾ ಬಿಡೂದಿಲ್ಲ."

ನನಗೆ ಹುರುಪು ತಡೆಯಲಾಗಲಿಲ್ಲ. "ಹಂಗಾದ್ರ ಸೊಸಿ ಇದ್ದಂಗ ಅನ್ರಿ! ಎಲ್ಲಾರ ಅಡಗಿಮನ್ಯಾಗೂ ಅವೇ ಡಬ್ಬಿ. ಆಕಿ ಕೈ ಮಾತ್ರ ತವರಿನ ರುಚಿಗೇ ಹೋಗತೈತಿ. ನಮ್ಮ ಸೊಸಿ ಶುಭಾಂಗಿ ತವರೂರು ಡಿಗ್ರಜ ಬಿಟ್ಟು ಇಪ್ಪತ್ತೈದು ವರ್ಷಾತು, ಇನ್ನೂ ಎಲ್ಲಾ ಪಲ್ಯಕ್ಕೂ ಶೇಂಗಾ ಪುಡಿ ಸುರೀತಾಳ!"

ಡಾಕ್ಟರು ನಕ್ಕೂ ನಕ್ಕೂ ಕನ್ನಡಕ ಒರೆಸಿಕೊಂಡರು. (ನಿನ್ನ ಅವ್ವನಿಗೆ ಇದನ್ನು ಹೇಳಬೇಡ.)

ಎದೆಯದಾದ್ದರಿಂದ ಅದಕ್ಕೆ ಬೇರೆಯೇ ಗುಳಿಗೆ ಇದೆಯಂತೆ. ಪೂರ್ತಿ ಓಡಿಸುತ್ತೇವೆಂದು ಹೇಳಲಿಲ್ಲ, ಆದರೆ ವರ್ಷಗಟ್ಟಲೆ ಕಟ್ಟಿಹಾಕಬಹುದಂತೆ! ನಾಳೆಯಿಂದಲೇ ಶುರು. ಸೋನಾಬಾಯಿ ಕೇಳಿದ್ದು ಒಂದೇ: "ಅಂದ್ರ ನನ್ನ ಮಿಶ್ರಿದು ತಪ್ಪಿಲ್ಲಲ್ರಿ?"

"ಈ ಗಂಟಿಗಿಲ್ಲ. ಆದ್ರೂ ಬಿಡ್ರಿ ಅದನ್ನ."

ಎರಡನೇ ಮಾತು ಅವಳ ಕಿವಿಗೆ ಬಿದ್ದಂತಿಲ್ಲ. ಬಸ್ಸಿನಲ್ಲಿ ಕಂಡಕ್ಟರನಿಗೂ ಸಾರಿದಳು: "ನಮ್ಮಕ್ಕ ಸೋತ್ಲು ನೋಡಪಾ!"

ನಿನ್ನ ಕೈಗೆ ಯಶಸ್ಸು ಬರಲಿ, ಮಗಳೇ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಆಯಿ,
ಸಾತವ್ವ

ತಾ.ಕ.: ಎರಡು ವರ್ಷದ ಹಿಂದೆ ದೀಪಾವಳಿಯ ಎಣ್ಣೆಸ್ನಾನದಲ್ಲಿ ಸೋನಾಬಾಯಿಯ ಬೆನ್ನು ತಿಕ್ಕುತ್ತಿದ್ದೆ. ಅವಳು ನನ್ನ ಕೈ ಹಿಡಿದು ಎದೆಯ ಮೇಲಿಟ್ಟಳು. ಹುಣಸೆ ಬೀಜದಷ್ಟು ಗಂಟು. "ಈ ವಯಸ್ಸಿನ್ಯಾಗ ಡಾಕ್ಟರ ಮುಂದ ಕುಬಸ ಬಿಚ್ಚತೀಯೇನ? ಸುಮ್ಮನಿರು" ಎಂದೆ. ಸುಮ್ಮನಿದ್ದಳು. ಶುಕ್ರವಾರ ಡಾಕ್ಟರು "ಯಾಕ ಮೊದಲ ಹೇಳಲಿಲ್ಲ?" ಎಂದು ಕೇಳಿದಾಗಲೂ ನನ್ನ ಹೆಸರು ಹೇಳಲಿಲ್ಲ. ಆಗಲೇ ತೋರಿಸಿದ್ದರೆ ಅದು ಎದೆಯಲ್ಲೇ ಸಿಗುತ್ತಿತ್ತೇ? ಡಿಸೆಂಬರಿನಲ್ಲಿ ಮತ್ತೆ ನಾನೇ ಅವಳನ್ನು ಕರೆದೊಯ್ಯಬೇಕು. ಅದರೊಳಗೆ ಬರೆ. ಹೆಬ್ಬೆರಳು ಬೇಡ, ಕಾಗದ ಬರಲಿ. ನನ್ನನ್ನು ಸಮಾಧಾನ ಮಾಡಲು ಬರೆಯಬೇಡ, ಇದ್ದದ್ದನ್ನು ಬರೆ.