ಪಾಸ್‌ಪೋರ್ಟಿನ ಹಣೆಗೆ ಕುಂಕುಮ

ಅಜ್ಜೀ,

ಜರ್ಮನಿ ಬ್ಯಾಂಕಲ್ಲಿ ನನ್ನ ಖಾತೆ ಆಗೇಹೋಯ್ತು! ಅಲ್ಲಿನ ಆಸ್ಪತ್ರೆಯವರು ಸಂಬಳ ಹಾಕ್ಲಿಕ್ಕೆ ಇದೇ ಬೇಕಿತ್ತು. ನೀನು ದೇವಸ್ಥಾನದಿಂದ ಬರೋತನಕ ತಡ್ಕೊಳ್ಲಿಕ್ಕಾಗ್ಲಿಲ್ಲ, ಅದಕ್ಕೇ ಬರೀತಿದ್ದೇನೆ.

ನಿನ್ನೆ ಪಾಸ್‌ಪೋರ್ಟಿಗೆ ಪೂಜೆ ಮಾಡಿದವಳು ಫೋಟೋದ ಹಣೆಗೂ ಕುಂಕುಮ ಇಟ್ಟಿದ್ಯಲ್ಲ? ಇವತ್ತು ಗುರುತು ನೋಡ್ಲಿಕ್ಕೆ ವಿಡಿಯೋ ಕಾಲ್ ಮಾಡಿದ ಬ್ಯಾಂಕಿನವಳು ಇದೆಂತ ಕಲೆ ಅಂತ ಮೂರು ಸಲ ಕೇಳಿದ್ಳು. ಒರೆಸಿದ್ರೆ ಫೋಟೋದ ಮುಖವೆಲ್ಲ ಕೆಂಪು! ನಂಗೆ ಅಳುವೇ ಬಂತು. ಕಡೆಗೆ ನನ್ನ ಹಣೆ ತೋರಿಸಿ, "ಎರಡೂ ನಮ್ಮಜ್ಜಿ ಇಟ್ಟಿದ್ದು" ಅಂದೆ. ನಗಾಡಿ ಪಾಸ್ ಮಾಡಿದ್ಳು.

ಪೇಡೆ ತರ್ಲಿಕ್ಕೆ ಶಿರಸಿಗೆ ಹೊರಟೆ. ಹಾಲು ಕಾಯ್ಸಿದ್ದೇನೆ, ಬೆಕ್ಕು ಬರೋದ್ರೊಳಗೆ ಮುಚ್ಚಿಡು. ಮೇಜಿನ ಮೇಲೆ ವೀಸಾ ಅರ್ಜಿ ಇದೆ. ದೇವರ ಮುಂದಿಡು, ಆದ್ರೆ ಕುಂಕುಮ ಮುಟ್ಟಿಸ್ಬೇಡ ಮಾರಾಯ್ತಿ! ಕೈ ಸುಮ್ನಿರೋದಿಲ್ಲ ಅಂದ್ರೆ ನಾನು ಬರೋ ಐದೂವರೆ ಬಸ್ಸಿನ ತನಕ ತಾಳ್ಕೋ. ಹಣೆ ನಾನೇ ತರ್ತೇನೆ.

ಕಾವ್ಯಶ್ರೀ